ಮಲ್ಲಕ್ಕನ ಕೈ

ಸೊಸೆ ಮಲ್ಲಕ್ಕನ ಕೈಮೇಲೆ ಗುಳ್ಳೆ ಎದ್ದು ನೀರು ಸೋರತೊಡಗಿದಾಗ ರೇವವ್ವ ಯಾರನ್ನೂ ಕೇಳಲಿಲ್ಲ. ತಾನೇ ತೀರ್ಪು ಕೊಟ್ಟುಬಿಟ್ಟಳು: ಇದು ದೊಡ್ಡ ರೋಗ, ಕುಷ್ಠ. ಮರುದಿನದಿಂದ ಕುಂದಗೋಳದ ಆ ಓಣಿಯವರೆಲ್ಲ ಮಲ್ಲಕ್ಕನ ಮುಖ ಬಿಟ್ಟು ಕೈ ನೋಡತೊಡಗಿದರು. ಓಣಿಯವರು ಹಾಳಾಗಿ ಹೋಗಲಿ. ಆದರೆ ಎರಡು ವರ್ಷದ ನೀಲವ್ವನನ್ನೂ ಅತ್ತೆ ಕಿತ್ತುಕೊಂಡು ತನ್ನ ಮಗ್ಗುಲಲ್ಲಿ ಮಲಗಿಸಿಕೊಂಡಳು.

"ಕೂಸಿನ್ನ ಮುಟ್ಟೀಯಂದ್ರ ನೋಡು!"

ಹೆತ್ತವಳು ಮಗಳನ್ನು ಮುಟ್ಟುವಂತಿಲ್ಲ! ಗಂಡ ಈರಬಸಪ್ಪ ಅವ್ವನ ಮಾತಿಗೇ ತಲೆಯಾಡಿಸಿದ. ಹತ್ತಿ ಬಿಡಿಸಿ ಒಡೆದ ಕೈಗೆಂದು, ರೇಡಿಯೋದಲ್ಲಿ ದಿನಾ ಹೊಗಳುವ ಕ್ರೀಮಿನ ಡಬ್ಬಿ ತಂದುಕೊಟ್ಟವನು ಈ ಮಹಾರಾಯನೇ. ತುರಿಕೆ ಹೆಚ್ಚಿದಂತೆಲ್ಲ "ಇನ್ನಷ್ಟು ಹಚ್ಚಿಕೋ" ಎನ್ನುತ್ತಿದ್ದ. ಅವಳು ಹಚ್ಚಿಕೊಂಡಳು, ಕೈ ಇನ್ನಷ್ಟು ಕೆಟ್ಟಿತು.

ಕಡೆಗೆ ಒಬ್ಬಳೇ ಬಸ್ಸು ಹತ್ತಿ ಹುಬ್ಬಳ್ಳಿಯ ಚರ್ಮದ ಡಾಕ್ಟರ ಹತ್ತಿರ ಹೋದಳು. ಅವರು ಕೈಗೆ ಏನೇನು ಹಚ್ಚುತ್ತೀರೆಂದು ಕೇಳಿ, ಯಾವುದು ಚರ್ಮಕ್ಕೆ ಒಗ್ಗುವುದಿಲ್ಲವೆಂದು ಪರೀಕ್ಷಿಸಲು ಬೆನ್ನಿಗೆ ಸಾಲಾಗಿ ಔಷಧದ ಪಟ್ಟಿ ಅಂಟಿಸಿದರು. ಎರಡು ದಿನ ಅಲ್ಲಿ ನೀರು ತಾಗಿಸಬಾರದು ಎಂದರು.

ಆ ಮನೆಯಲ್ಲಿ ಜಳಕವಿಲ್ಲದೆ ಲಿಂಗಪೂಜೆಯಿಲ್ಲ, ಪೂಜೆಯಾಗದೆ ಒಲೆಯ ಹತ್ತಿರ ಸುಳಿಯುವಂತಿಲ್ಲ. ಮರುದಿನ ಬೆಳಗ್ಗೆ ರೇವವ್ವ ತುಂಬಿದ ಕೊಡ ಹೊತ್ತುಕೊಂಡೇ ಬಂದಳು.

"ರೋಗ ಸಾಲದಂತ ಜಳಕಾನೂ ಬಿಟ್ಟಿ? ಕೂಡ್ರು, ನಾನ ತಲಿಮ್ಯಾಲೆ ಹುಯ್ತೇನಿ."

"ಒಂದ ಹನಿ ಬಿದ್ರೂ ನಾ ಸುಮ್ಮನಿರಾಂಗಿಲ್ರಿ ಅತ್ತಿ!"

ಮಲ್ಲಕ್ಕ ಕೊಡ ಕಸಿದು ಅಂಗಳಕ್ಕೆ ಚೆಲ್ಲಿದಳು. ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಅವಳ ದನಿ ಏರಿದ್ದು ಅದೇ ಮೊದಲು. ದಂಗಾದ ಈರಬಸಪ್ಪ, ಪಟ್ಟಿ ಬಿಚ್ಚಿಸುವ ದಿನ ತಾನೂ ಜೊತೆಗೆ ಹೊರಟ.

ಒಂದು ಪಟ್ಟಿಯ ಕೆಳಗೆ ಮಾತ್ರ ಚರ್ಮ ಕೆಂಪಗೆ ಉಬ್ಬಿತ್ತು.

"ದೊಡ್ಡ ರೋಗ ಅಲ್ರಿ ಇದು," ಎಂದರು ಡಾಕ್ಟರು. "ಕ್ರೀಮು ಕೆಡಬಾರದಂತ ಅದರಾಗ ಒಂದು ಔಷಧ ಬೆರಸಿರ್ತಾರ. ಅದು ನಿಮ್ಮ ಚರ್ಮಕ್ಕ ಒಗ್ಗಿಲ್ಲ. ಯಾರಿಗೂ ಅಂಟೂದಲ್ಲ. ಕೂಸಿನ್ನ ಧಾರಾಳ ಎತ್ತಿಕೋರಿ."

ಕ್ರೀಮು ಕೆಡಬಾರದಂತೆ! ಹಚ್ಚಿಕೊಂಡವಳ ಕೈ ಕೆಟ್ಟರೆ, ಬಾಳು ಕೆಟ್ಟರೆ, ಅದನ್ನು ಕೇಳುವವರಿಲ್ಲ. ಊರಿಗೆ ಮರಳುವಾಗ ಮಲ್ಲಕ್ಕ ಡಾಕ್ಟರಿಗೆ ತೋರಿಸಲು ತಂದಿದ್ದ ಡಬ್ಬಿಯನ್ನು ಬಸ್ಸಿನ ಕಿಟಕಿಯಿಂದ ಬೀಸಿ ಒಗೆದಳು.

ಕೈ ಮೆಲ್ಲಗೆ ಮಾಯಿತು. ಈರಬಸಪ್ಪ ಡಾಕ್ಟರ ಮಾತನ್ನು ಅವ್ವನಿಗೆ ಮತ್ತೆ ಮತ್ತೆ ತಿಳಿಹೇಳಿದ. ರೇವವ್ವ ತಪ್ಪಾಯಿತು ಎನ್ನಲಿಲ್ಲ. ಒಂದು ಸಂಜೆ ಮೊಮ್ಮಗಳನ್ನು ಮುಂದೆ ತಳ್ಳಿ, "ಹೋಗು, ನಿಮ್ಮವ್ವನ ಕಡೆ" ಎಂದಳು, ಅಷ್ಟೇ.

ಮಲ್ಲಕ್ಕ ಎರಡೂ ಕೈ ಚಾಚಿದಳು. ನೀಲವ್ವ ಆ ಕೈಗಳನ್ನು ನೋಡಿ ಹಿಂದೆ ಸರಿದು, ಅಜ್ಜಿಯ ಸೀರೆಯಲ್ಲಿ ಮುಖ ಮುಚ್ಚಿಕೊಂಡಳು.

"ಒಲ್ಲೆ. ಹೊಲಸು."

ರೇವವ್ವ ನಕ್ಕಳು. "ಕೂಸಿಗೇನ ತಿಳೀತೈತಿ? ನಾಕ ದಿನದಾಗ ಮರೀತಾಳ ಬಿಡು."

"ಅಕಿ ಮರೀತಾಳ್ರಿ," ಎಂದಳು ಮಲ್ಲಕ್ಕ, ಚಾಚಿದ ಕೈ ಹಿಂದೆಗೆಯದೆ. "ನಾ ಮರಿಯಾಂಗಿಲ್ಲ."