ಕೆಳಗೆ ಬಾಗಿದ ಚೂರಿ

ಉಸಗಾಂವದ ನಮ್ಮ ಕುಲುಮೆಗೆ ಬರುವವರೆಲ್ಲ ಚೂರಿಯ ಚಿತ್ರ ಬರೆದುಕೊಂಡೇ ಬರುತ್ತಾರೆ. ಒಬ್ಬರಿಗಾದರೂ ನೆಟ್ಟಗೆ ಬರೆಯಲು ಬರುತ್ತದೆಯೇ? ಒಬ್ಬನದು ಬದನೆಕಾಯಿ, ಇನ್ನೊಬ್ಬನದು ಹಲ್ಲಿ. ಬೈಯುತ್ತಲೇ ತಿದ್ದಿ, ತಗಡಿನಲ್ಲಿ ಅಚ್ಚು ಕತ್ತರಿಸಿ, ಅದಕ್ಕೆ ಸರಿಯಾಗಿ ಕಬ್ಬಿಣ ಬಡಿಯುತ್ತೇನೆ. ಗಂಡ ಮಾನಪ್ಪ ಎಡಗೈಯಲ್ಲಿ ಸುತ್ತಿಗೆ ಹಿಡಿದು ಕಲಿಸಿದ ವಿದ್ಯೆ. ಹೋದ ಮಳೆಗಾಲದಲ್ಲಿ ಸಾಂಗೆಯ ಹೊಳೆ ಅವನನ್ನು ಎಳೆದುಕೊಂಡು ಹೋಯಿತು. ಹೆಣವೂ ಸಿಗಲಿಲ್ಲ. ಕಣ್ಣಾರೆ ಕಂಡೆನೆಂದು ಮೈದುನ ನಿಂಗಣ್ಣ ಅಳುತ್ತಾ ಬಂದು ಅವನ ಚಪ್ಪಲಿ ಕೊಟ್ಟ. ನಾನು ತಾಳಿ ತೆಗೆದಿಟ್ಟು ಸುತ್ತಿಗೆ ಹಿಡಿದೆ.

ಮೊನ್ನೆ ಸಾಂಗೆಯಿಂದ ಅಂಬಿಕಾ ಎಂಬ ಹುಡುಗಿ ಬಂದಳು. ಮೀನು ಮಾರುವವಳು, ನಮ್ಮ ವಿಜಯಪುರದ ಕಡೆಯವಳೇ. ಕೈತುಂಬ ಹಸಿರು ಬಳೆ.

"ಅಕ್ಕಾರ, ಮೀನ ಕೊಯ್ಯೋ ಚೂರಿ ಮುರದೈತ್ರಿ. ನಮ್ಮ ಮನಿಯವರು ಚಿತ್ರ ಬರದ ಕೊಟ್ಟಾರ. ಸಾಂಗೆದಾಗ ಮಾಡಸು ಅಂದಿದ್ರು, ಅಲ್ಲಿ ಕಮ್ಮಾರನ ಅಂಗಡಿ ಮುಚ್ಚಿತ್ತು, ಇಲ್ಲಿ ತನಕ ಬಂದ್ನಿ."

ಚೀಟಿ ಬಿಡಿಸಿದೆ.

"ಏನವ್ವಾ, ನಿನ್ನ ಗಂಡಗ ಕಣ್ಣ ಅದಾವೋ ಇಲ್ಲೋ? ಚೂರಿ ಹಿಂಗ ಕೆಳಗ ಬಾಗಿರತೈತೇನ?"

ರೇಗುತ್ತಲೇ ಚೀಟಿಯನ್ನು ಬೆಳಕಿಗೆ ಹಿಡಿದೆ.

ಚೂರಿಯ ಬಾಯಿ ತೆಳುವಾಗಲೆಂದು ಬಡಿದರೆ ಅಲಗು ಮೇಲಕ್ಕೆ ಏಳುತ್ತದೆ. ಅದಕ್ಕೇ ಕಬ್ಬಿಣವನ್ನು ಮೊದಲೇ ಕೆಳಕ್ಕೆ ಬಾಗಿಸಿಕೊಳ್ಳಬೇಕು. ಬಡಿದು ಮುಗಿಸುವಷ್ಟರಲ್ಲಿ ನೆಟ್ಟಗಾಗುತ್ತದೆ. ಕೊಳ್ಳುವವರು ಚೂರಿ ಬರೆಯುತ್ತಾರೆ. ಬಾಗಿದ ಅಚ್ಚನ್ನು ಬರೆಯುವವನು ಕಮ್ಮಾರನೊಬ್ಬನೇ. ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಹಿಡಿಯೊಳಗೆ ಹೋಗುವ ಬಾಲದ ತುದಿಯಲ್ಲಿ ಮೂರು ಗೀರುಗಳಿದ್ದವು. ಮಾವನವರ ಕಾಲದಿಂದ ನಮ್ಮ ಮನೆಯ ಅಚ್ಚಿಗೆ ಹಾಕುವ ಗುರುತು ಅದು.

"ನಿನ್ನ ಗಂಡ ಕಬ್ಬಿಣದ ಕೆಲಸ ಮಾಡ್ತಾನೇನ?"

"ಇಲ್ರಿ, ಟ್ರಕ್ಕಿಗೆ ಮಾಲ ಹೇರ್ತಾರ. ಸುತ್ತಿಗಿ ಹಿಡಿಯೋದ ಸೈತ ಗೊತ್ತಿಲ್ಲ ಅವರಿಗೆ."

"ಎಡಗೈಯವನೇನ?"

"ಅಯ್ಯ! ನಿಮಗ ಹೆಂಗ ಗೊತ್ತಾತ್ರಿ?"

ಉರಿಯುವ ಕುಲುಮೆಯ ಮುಂದೆ ನಿಂತವಳಿಗೆ ಚಳಿ ಹತ್ತಿತು. ಹಿಂದೆ ಇಕ್ಕಳ ಬಿದ್ದ ಸಪ್ಪಳವಾಯಿತು. ಕುಲುಮೆಯಲ್ಲಿ ನನ್ನ ಜೊತೆ ದುಡಿಯುವ ನಿಂಗಣ್ಣ ನನ್ನ ಹೆಗಲ ಮೇಲಿಂದ ಚೀಟಿ ನೋಡಿದ್ದ. ಅವನ ಮುಖ ಬೂದಿಯಾಗಿತ್ತು.

"ನಿಂಗಣ್ಣಾ, ಹೊಳಿ ಎಳಕೊಂಡ ಹೋಗಿದ್ದು ಖರೇನ?"

"ವೈನಿ... ಅಣ್ಣ ಆಣಿ ಹಾಕಿಸಿದ್ದರಿ..."

ಥೂ, ನಿನ್ನ ಆಣೆಗೆ ಬೆಂಕಿ ಬೀಳಲಿ! ಕುಂಕುಮ ಅಳಿಸಿಕೊಂಡೆ, ಬಳೆ ಒಡೆದುಕೊಂಡೆ, ಅವನಿಗೆ ಇಷ್ಟವೆಂದು ಹೋಳಿಗೆ ಮಾಡಿ ಎಡೆ ಇಟ್ಟು ಕಾಗೆಯನ್ನು ಕರೆದೆ. ಆ ಪುಣ್ಯಾತ್ಮ ಸಾಂಗೆಯಲ್ಲಿ ಕುಳಿತು ಮೀನುಸಾರು ಉಣ್ಣುತ್ತಿದ್ದ! ಅಳು ಬರಲಿಲ್ಲ.

"ಯಾಕ್ರಿ ಅಕ್ಕಾರ, ಮಾಡಾಕ ಆಗಂಗಿಲ್ಲೇನ್ರಿ?" ಎಂದಳು ಅಂಬಿಕಾ. ಪಾಪ, ಅವಳಿಗೇನು ಗೊತ್ತು.

"ಆಗತೈತಿ. ಕುಂಡ್ರು."

ನಿಂಗಣ್ಣನನ್ನು ಹತ್ತಿರ ಬರಗೊಡಲಿಲ್ಲ. ಚೀಟಿಯನ್ನು ತಗಡಿನ ಮೇಲಿಟ್ಟು ಅಚ್ಚು ಕತ್ತರಿಸಿದೆ, ಒಬ್ಬಳೇ ಬಡಿದೆ. ಕೆಳಗೆ ಬಾಗಿದ್ದ ಕಬ್ಬಿಣ ಬಡಿತ ತಿನ್ನುತ್ತಾ ನೆಟ್ಟಗಾಯಿತು. ಅಚ್ಚಿಗಷ್ಟೇ ಹಾಕುವ ಮೂರು ಗೀರನ್ನು ಅಂದು ಅಲಗಿಗೇ ಹೊಡೆದೆ.

ಅಂಬಿಕಾ ಕೈ ಚಾಚಿದಳು. ನಾನು ಚೂರಿಯನ್ನು ಅರಿವೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ನಡಿ, ನಾನೂ ಬರ್ತೇನಿ. ಇದನ್ನ ನಿನ್ನ ಗಂಡನ ಕೈಯಾಗ ನಾನ ಕೊಡಬೇಕು."

"ಅವರ ಗುರ್ತ ಐತೇನ್ರಿ ನಿಮಗ?"

"ಅವನ ತಿಥಿ ಮಾಡೇನವ್ವಾ ನಾನು."