ಏರಿಗೆ ಎರಡನೇ ನೀರು

ನಾನು ಬಿಟ್ಟ ನೀರು ಗಣಿಯ ಏರುದಾರಿಯ ಎಡಗಡೆಯಿಂದ ಕೆಂಪಗೆ ಇಳಿದು ಹೋಗುತ್ತಿದೆ, ಅಂಬಲಿಯಷ್ಟು ದಪ್ಪ, ಕಲ್ಲು ಸಿಕ್ಕ ಕಡೆ ಎರಡಾಗುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ — ನನ್ನ ನೀರಿನ ಟ್ಯಾಂಕರಿನ ಕನ್ನಡಿಯಲ್ಲಿ ಇಡೀ ಗಣಿ ತಲೆಗೆ ಎರೆದುಕೊಂಡು ಕೂತ ಹಾಗೆ ಕಾಣುತ್ತಿದೆ, ಒಂದು ಚಿಟಿಕೆ ದೂಳಿಲ್ಲ, ಏಳಲೂಬಾರದು, ಇವತ್ತು ಅವ್ವ ಟಿಪ್ಪರ್ ಓಡಿಸುತ್ತಾಳೆ, ಅದಿರು ತುಂಬಿದ ಟಿಪ್ಪರ್, ನನ್ನ ಅವ್ವ ಏಕನಾಥಮ್ಮ, ಕುರಿ ಈರಬಸಪ್ಪನ ಹೆಂಡತಿ, ಕೆಳಗಿನಿಂದ ಈ ಏರು ಹತ್ತಿ, ಮೇಲೆ ಸುರಿದು, ಖಾಲಿ ಗಾಡಿ ಇಳಿಸಿದರೆ ಸೋಮವಾರದಿಂದ ಕೆಲಸ, ಅವಳೊಬ್ಬಳಿಗಲ್ಲ, ಗಾಡಿ ಓಡಿಸುವ ತರಬೇತಿ ಮುಗಿಸಿ ಕಾದು ಕೂತಿರುವ ಊರಿನ ಹೆಂಗಸರಿಗೆಲ್ಲ, ಹತ್ತದಿದ್ದರೆ — ಆ ಮೇಸ್ತ್ರಿ ಶಿವಕುಮಾರಪ್ಪ ಎಲ್ಲರ ಮುಂದೆ ಹೇಳಿದ್ದಾನಲ್ಲ, ಮೊದ್ಲು ಒಬ್ಬಾಕೆ ಹತ್ತಿ ತೋರಿಸ್ಲಿ, ಆಗ್ಲಿಲ್ಲ ಅಂದ್ರೆ ಆಮ್ಯಾಲೆ ಹೆಂಗಸ್ರ ಮಾತು ಈ ಗೇಟಿನ ಒಳಗೆ ಎತ್ತಂಗಿಲ್ಲ ನೋಡ್ರಿ. ಎತ್ತಂಗಿಲ್ಲವಂತೆ. ಇವರಪ್ಪನ ಗುಡ್ಡವೇನು ಇದು. ನಮ್ಮ ಕುರಿ ಮೇಯುತ್ತಿದ್ದ ಗುಡ್ಡ, ಈಗ ಅರ್ಧ ಇದೆ, ಇನ್ನರ್ಧ ಲಾರಿ ಹತ್ತಿ ಎಲ್ಲಿಗೋ ಹೋಗಿದೆ, ಹೋದದ್ದಕ್ಕೆ ಬದಲು ಕಂಪನಿ ನಮಗೆ ಕೊಟ್ಟಿದ್ದು ಏನು, ಹುಡುಗರಿಗೆ ಎದೆ ಮೇಲೆ ಅವರ ಹೆಸರು ಬರೆದ ಟೀ ಶರ್ಟು, ಹೆಂಗಸರಿಗೆ ಹೊಲಿಗೆ ಮಿಷನ್ನು, ಮನೆಮನೆಗೂ ಟೈಲರ್ ಆದರೆ ಯಾರ ರವಿಕೆ ಯಾರು ಹೊಲಿಯಬೇಕು, ಆಮೇಲೆ ಹಪ್ಪಳದ ತರಬೇತಿ, ಥೂ, ಒಣಹಾಕಿದ ಹಪ್ಪಳದ ಮೇಲೆ ಅವರದೇ ಲಾರಿ ದೂಳು ಕೂತು ಮೆಣಸಿನಪುಡಿ ಹಾಕದೆಯೇ ಕೆಂಪಾಗಿದ್ದವು, ಹೆಂಗಸರ ಸಂಘದ ಚಂದ್ರಕ್ಕ ಆ ಹಪ್ಪಳದ ಪೊಟ್ಟಣವನ್ನು ಗ್ರಾಮಸಭೆಗೆ ತಂದು ಕಂಪನಿಯವರ ಮೇಜಿನ ಮೇಲೆ ಇಟ್ಟಳು, ತಿನ್ರಿ ಸಾರ್, ನಾಚ್ಕೋಬ್ಯಾಡ್ರಿ, ನಿಮ್ದೇ ಮಾಲು ಐತೆ ಅದ್ರಾಗೆ. ಒಬ್ಬನೂ ಕೈ ಹಾಕಲಿಲ್ಲ. ಆಗ ಅವಳು, ದೂಳು ಕುಡಿಯಾಕೆ ನಾವು ಬೇಕು, ಸ್ಟೇರಿಂಗ್ ಹಿಡಿಯಾಕೆ ಬ್ಯಾಡ್ವಾ, ಅಂದಳು, ನಾವು ಹುಡುಗರು ಹಿಂದೆ ನಿಂತು ಶಿಳ್ಳೆ ಹೊಡೆದೆವು, ಮರುದಿನ ತಾಳ್ಯದ ಕಡೆಗೆ ಹೋಗುವ ಲಾರಿಗಳಿಗೆ ಅಡ್ಡ ಕೂತೆವು, ಹೆಂಗಸರು ಮುಂದೆ, ನಾವು ಹಿಂದೆ, ಬಿಸಿಲಲ್ಲಿ ಮಂಡಕ್ಕಿ ತಿನ್ನುತ್ತ, ನನ್ನ ಜೀವನದಲ್ಲಿ ಅಷ್ಟು ಖುಷಿಯಿಂದ ನಾನು ಸಿಟ್ಟು ಮಾಡಿದ್ದೇ ಇಲ್ಲ.

ಸಿಟ್ಟಿನ ದುರುಗ ಅನ್ನುತ್ತಾರೆ ನನ್ನನ್ನು, ಅನ್ನಲಿ, ಎಂಟನೇ ಕ್ಲಾಸಿನಲ್ಲಿ ಮೇಷ್ಟ್ರು ನೀನು ಅದಿರು ತುಂಬಾಕೇ ಲಾಯಕ್ಕು ಅಂದಾಗ ಬ್ಯಾಗನ್ನು ಬೋರ್ಡಿಗೆ ಎಸೆದು ಬಂದವನು, ಅದಿರೇ ತುಂಬಿದೆ, ಬೆನ್ನು ಸುಲಿಯುವವರೆಗೆ, ಸಿಟ್ಟು ಒಂದು ದಿನವೂ ರಜೆ ಕೇಳಲಿಲ್ಲ, ಬೆಳಿಗ್ಗೆ ಎದ್ದರೆ ನನಗಿಂತ ಮುಂಚೆ ಎದ್ದಿರುತ್ತಿತ್ತು — ಈಗ ನೋಡು, ಈ ಟ್ಯಾಂಕರ್ ಓಡಿಸುವ ಕೆಲಸ ಸಿಕ್ಕ ಮೇಲೆ, ಅದೂ ಅಡ್ಡ ಕೂತಿದ್ದಕ್ಕೇ ಸಿಕ್ಕಿದ್ದು, ಬೆಳಿಗ್ಗೆ ಹಿಂದಿನ ತೂತುಪೈಪಿನಿಂದ ನೀರು ಬೀಸಣಿಗೆಯ ಹಾಗೆ ಬಿಚ್ಚಿಕೊಂಡಾಗ ಮಣ್ಣಿನ ವಾಸನೆ ಬರುತ್ತದಲ್ಲ, ಆವಾಗ ಬೈಯೋಣವೆಂದರೂ ಬಾಯಿಗೆ ಬೈಗುಳ ಬರುವುದಿಲ್ಲ, ಶಿವಕುಮಾರಪ್ಪನೇ ಎದುರು ಬಂದರೂ ಅರ್ಧ ಬೈಗುಳ ಮಾತ್ರ ಬರುತ್ತದೆ. ಅವ್ವನಿಗೆ ಗಾಡಿ ಹೊಸದಲ್ಲ, ಕುರಿ ತುಂಬಿದ ಲಗೇಜ್ ಆಟೋವನ್ನು ಹಿರಿಯೂರು ಸಂತೆಗೆ ವರ್ಷಗಟ್ಟಲೆ ಓಡಿಸಿದವಳು, ಐಮಂಗಲದ ಹತ್ತಿರ ಹೈವೇಯಲ್ಲಿ ಬಸ್ಸಿನವರು ಹಾರನ್ ಹೊಡೆದರೆ, ಹೊಡ್ಕಳ್ಲಿ ಬಿಡು, ನನ್ನ ಕುರಿಗಳು ಗಬ್ಬ ಅವೆ ಅಂತ ಅವನಿಗೇನು ಗೊತ್ತು, ಅನ್ನುವವಳು, ಚಿತ್ರದುರ್ಗಕ್ಕೆ ಹೋಗಿ ದೊಡ್ಡ ಗಾಡಿ ಲೈಸೆನ್ಸು ತಂದ ದಿನ ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಫೋಟೋದಾಗೆ ಯಾಕೆ ಇಷ್ಟು ಸಿಟ್ಟಾಗಿದ್ದೀಯ, ಮಗನ ಫೋಟೋ ಹಾಕ್ಬಿಟ್ಟವ್ರಾ, ಅಂದ, ಅವ್ವ ಸೌಟು ಎತ್ತಿದಳು, ಮೂವರೂ ನಕ್ಕೆವು. ಆ ನಗು ಇನ್ನೂ ಹೊಟ್ಟೆಯಲ್ಲಿದೆ, ಅದಕ್ಕೇ ಇರಬೇಕು ಇವತ್ತು ಬೆಳಿಗ್ಗೆ ಏರಿಗೆ ಒಂದು ಸಲ ನೀರು ಬಿಟ್ಟವನು ಸುಮ್ಮನಿರಲಾರದೆ ಮತ್ತೆ ಟ್ಯಾಂಕ್ ತುಂಬಿಸಿಕೊಂಡು ಬಂದೆ, ದಿನಾ ಬೆಳಗಾದರೆ ಅವ್ವ ನಮ್ಮ ಬಾಗಿಲಿಗೆ ನೀರು ಹಾಕುತ್ತಾಳೆ, ಇವತ್ತು ಅವಳ ಬಾಗಿಲಿಗೆ ನಾನು ಹಾಕುತ್ತೇನೆ ಅಂದುಕೊಂಡೆ, ಇಡೀ ಟ್ಯಾಂಕು, ಮೇಲಿನಿಂದ ಕೆಳಗಿನವರೆಗೆ —

ಕೆಳಗಿನವರೆಗೆ. ಅಯ್ಯೋ. ತುಂಬಿದ ಗಾಡಿ ಬರುವ ಮುಂಚೆ ಏರಿಗೆ ಒಂದೇ ನೀರು, ಅದೂ ತೆಳುವಾಗಿ, ಹೊಸದಾಗಿ ಬಂದ ಹುಡುಗರಿಗೆ ನಾನೇ ಹೇಳಿಕೊಡುವುದು, ಎರಡನೇ ನೀರು ಬಿದ್ದರೆ ಅದಿರಿನ ದೂಳು ಬೆಣ್ಣೆಯಾಗುತ್ತದೆ ಲೇ ಅಂತ, ನಾನೇ, ಈ ಬಾಯಲ್ಲೇ — ಏರಿನ ತುದಿಯಲ್ಲಿ ಪಕ್ಕಕ್ಕೆ ಟ್ಯಾಂಕರ್ ನಿಲ್ಲಿಸಿ, ನೋಡುವುದಕ್ಕೆ ಚೆನ್ನಾಗಿದೆ ಅಂತ ಕೂತಿದ್ದೆನಲ್ಲ, ಕೆಸರು ಅದು, ಹಿಂಗುತ್ತಿಲ್ಲ, ಕೆಳಗೆ ಅವ್ವ ಆಗಲೇ ಗೇರು ಹಾಕಿಯಾಯಿತು, ಇಂಜಿನ್ನಿನ ಸದ್ದು ಗುಂಡಿಯಿಂದ ಮೇಲೆ ಬರುತ್ತಿದೆ, ಪಕ್ಕದ ದಿಬ್ಬದ ಮೇಲೆ ಚಂದ್ರಕ್ಕ, ಸಂಘದ ಹೆಂಗಸರು, ಕೈಕಟ್ಟಿಕೊಂಡ ಶಿವಕುಮಾರಪ್ಪ, ಪರೀಕ್ಷೆ ನೋಡಲು ಬಂದ ಇಂಜಿನಿಯರ್ ರಮ್ಯಾ ಮೇಡಂ, ಯಾರಿಗೆ ಕೂಗಲಿ, ನಿಲ್ಸ್ರೀ ಅಂತ ಕೂಗಿದೆ, ಇಂಜಿನ್ ಸದ್ದು ನನ್ನ ಕೂಗನ್ನು ನುಂಗಿತು, ಅವ್ವ ಏರಿನ ಅರ್ಧಕ್ಕೆ ಬಂದಳು, ಹಿಂದಿನ ಚಕ್ರ ತಿರುಗಿದ್ದು ತಿರುಗಿದಲ್ಲೇ ತಿರುಗಿತು, ಕೆಂಪು ಕೆಸರು ಹಿಂದಕ್ಕೆ ಚಿಮ್ಮಿತು, ಗಾಡಿ ಒಂದಿಷ್ಟು ಅಡ್ಡ ಜಾರಿತು, ಬಲಗಡೆ ಗುಂಡಿ, ಅಷ್ಟೂ ಆಳ, ನಾನು ಟ್ಯಾಂಕರಿನಿಂದ ಹಾರಿದ್ದು ನೆನಪಿಲ್ಲ, ಓಡುತ್ತಿದ್ದೇನೆ, ಚಪ್ಪಲಿ ಕೆಸರಲ್ಲೇ ಉಳಿಯಿತು, ಅವ್ವ ಇಳಿ, ಅವ್ವ ನಾನು ಹಿಡೀತೀನಿ, ಇಳಿ ಅಂತ, ಬಾಗಿಲು ಕಿತ್ತು ಅವಳನ್ನು ಎಳೆದು ಸ್ಟೇರಿಂಗ್ ಹಿಡಿದುಬಿಡಬೇಕು ಅಂತ — ಆಗ ಕಿಟಕಿಯಿಂದ ಅವಳ ಕೈ ಆಚೆ ಬಂತು. ಅಂಗೈ ನನ್ನ ಕಡೆಗೆ. ತಡಿ. ಮುಖ ಕನ್ನಡಿ ನೋಡುತ್ತಿತ್ತು, ಕೈ ಮಾತ್ರ. ನಾನು ನಿಂತೆ. ಅವ್ವ ಮತ್ತೆ ಎಕ್ಸಲೇಟರ್ ತುಳಿಯಲಿಲ್ಲ, ಚಕ್ರ ನೆಟ್ಟಗೆ ಮಾಡಿಕೊಂಡಳು, ಬಂದ ಗುರುತಿನ ಮೇಲೆಯೇ ನಿಧಾನಕ್ಕೆ ಹಿಂದೆ ಹಿಂದೆ ಇಳಿದಳು, ತಳ ಮುಟ್ಟಿ ಹ್ಯಾಂಡ್ ಬ್ರೇಕ್ ಎಳೆದ ಸದ್ದು ನನ್ನ ಎದೆಯಲ್ಲಿ ಕೇಳಿಸಿತು. ಶಿವಕುಮಾರಪ್ಪ ಶುರು ಮಾಡಿದ, ನೋಡಿದ್ರಾ ಮೇಡಂ, ಹಿಂದಕ್ಕೆ ಬಂತು, ಫೇಲು ಅಂತ ಬರ್ಕಳ್ರಿ. ಮೇಡಂ ಅವನನ್ನು ನೋಡಲೇ ಇಲ್ಲ, ಇಷ್ಟು ನೀರು ಬಿಟ್ಟಿದ್ದು ಯಾರು ಅಂದರು. ನಾನು ಮೇಡಂ, ಅಂದೆ, ಏಕನಾಥಮ್ಮನ ಮಗ. ಟ್ಯಾಂಕರ್ ಹೋದರೆ ಹೋಗಲಿ. ಮೇಡಂ ನನ್ನ ಬರಿಗಾಲು ನೋಡಿದರು, ನಿಮ್ಮಮ್ಮ ಈ ಕೆಸರಲ್ಲಿ ಇನ್ನೊಂದು ಸಲ ಮುಂದಕ್ಕೆ ತುಳಿದಿದ್ರೆ ನಾನೇ ಇಳಿಸಿ ಮನೆಗೆ ಕಳಿಸ್ತಿದ್ದೆ, ಅಂದರು, ಹಿಂದಕ್ಕೆ ತಗೊಳ್ಳೋದು ಗೊತ್ತಿರೋರು ನನಗೆ ಬೇಕು, ಮೇಸ್ತ್ರಿ, ಏರಿಗೆ ಒಣ ಗರಸು ಮಣ್ಣು ಹಾಕ್ಸಿ, ಇನ್ನೊಂದು ಸಲ ಬರ್ಲಿ.

ಗರಸು ಬಿತ್ತು, ನಾನೂ ಸಲಿಕೆ ಹಿಡಿದೆ, ಅವ್ವ ಕೆಳಗೆ ಗಾಡಿಯಲ್ಲೇ ಕೂತು ಚಂದ್ರಕ್ಕ ಕೊಟ್ಟ ಟೀ ಕುಡಿದಳು, ಆಮೇಲೆ ಬಂದಳು, ಒಂದೇ ಸದ್ದಿನಲ್ಲಿ, ಎಲ್ಲೂ ತಡವರಿಸದೆ, ಚಂದ್ರಕ್ಕನ ಕೂಗು ಗುಡ್ಡಕ್ಕೆ ಬಡಿದು ವಾಪಸ್ಸು ಬಂತು, ಟಿಪ್ಪರ್ ನನ್ನ ಪಕ್ಕ ಹಾಯುವಾಗ ಅವ್ವ ಕತ್ತು ಹೊರಗೆ ಹಾಕಿ, ಲೇ ದುರುಗ, ನೀರು ಚಿಮುಕಿಸು ಅಂದ್ರೆ ಕೆರೆನೇ ಕಟ್ಟಿದ್ಯಲ್ಲೋ, ಅಂದಳು, ಸುರಿದಳು, ಇಳಿದಳು, ಸೋಮವಾರ ಬರ್ರಮ್ಮ, ಉಳಿದೋರನ್ನೂ ಕರ್ಕಂಡು ಬರ್ರಿ, ಅಂದರು ಮೇಡಂ, ಶಿವಕುಮಾರಪ್ಪ ಫೋನ್ ಬಂದವನ ಹಾಗೆ ಅತ್ತ ಹೋದ. ಅವನನ್ನು ಕರೆದು ಬೈಯಬೇಕು, ಇಷ್ಟು ದಿನ ಕೂಡಿಟ್ಟ ಬೈಗುಳವಿದೆ, ಬಾಯಿ ತೆರೆದೆ, ಒಂದೂ ಬರಲಿಲ್ಲ, ಬಿಸಿಲು ಹಿತವಾಗಿದೆ, ಕಾಲಿಗೆ ಕೆಸರು ತಂಪಾಗಿದೆ, ಎಲ್ಲರೂ ಅವ್ವನ ಸುತ್ತ ಸೇರಿದ್ದಾರೆ, ನಾನೂ ಹೋಗಬೇಕು, ಹೋಗುತ್ತೇನೆ, ಆದರೆ ಕಣ್ಣ ಮುಂದೆ ಇನ್ನೂ ಗಾಡಿ ಜಾರುತ್ತಿದೆ, ನಾನು ಓಡುತ್ತಿದ್ದೇನೆ, ಕಿಟಕಿಯಿಂದ ಕೈ — ಮಣಿಕಟ್ಟಿನವರೆಗೆ ಅದಿರಿನ ಕೆಂಪು, ಅಂಗೈ ನನ್ನ ಕಡೆಗೆ — ಮತ್ತೆ ಓಡುತ್ತೇನೆ, ಮತ್ತೆ ಕೈ — ತಡಿ — ಆ ಕೈ.