ನೀರಿಗೆ ಅಳಿಸದ ಗೆರೆ

ಮೂರನೇ ಮಹಡಿಯಲ್ಲಿ ಮನೆ ಮಾಡಿದ್ದೇ ತಪ್ಪಾಯಿತು ಎಂದು ಕಲ್ಲಿನ ಮೇಸ್ತ್ರಿಗೆ ಈಚೆಗೆ ದಿನವೂ ಅನ್ನಿಸುತ್ತಿತ್ತು. ಮೊದಲೆಲ್ಲ ಒಂದೇ ಉಸಿರಿಗೆ ಹತ್ತುತ್ತಿದ್ದ ಮೆಟ್ಟಿಲುಗಳಲ್ಲಿ ಈಗ ಎರಡು ಕಡೆ ಕೂತು ಸುಧಾರಿಸಿಕೊಳ್ಳಬೇಕು. ವಯಸ್ಸು ಇನ್ನೂ ನಲವತ್ತು ದಾಟಿಲ್ಲ. ದಣಿವು ಅಷ್ಟೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಗೋಡೆ ಹಿಡಿದು ಏಳುತ್ತಿದ್ದ.

ಅವತ್ತು ಹೊಸ ಮನೆಯೊಂದರ ಅಡುಗೆಕಟ್ಟೆಗೆ ಗ್ರಾನೈಟ್ ಕೂರಿಸುವ ಕೆಲಸ. ಸಿಂಕ್ ಇಡಲು ಕಲ್ಲಿನಲ್ಲಿ ಜಾಗ ಕೊಯ್ದು ತೆಗೆಯಬೇಕಿತ್ತು. ಪೆನ್ಸಿಲ್ಲಿನಿಂದ ಗೆರೆ ಎಳೆದು, ಬಾಯಿಗೆ ಟವೆಲ್ ಬಿಗಿದು, ಯಂತ್ರ ಹಿಡಿದು ಕೂತ. ನೀರು ಮಾತ್ರ ಹಾಕಲಿಲ್ಲ. ಹಾಕಿದರೆ ಗೆರೆ ತೊಳೆದುಹೋಗುತ್ತದೆ, ಗೆರೆ ಹೋದರೆ ಅಳತೆ ತಪ್ಪುತ್ತದೆ, ಅಳತೆ ತಪ್ಪಿದರೆ ಕಲ್ಲು ದಂಡ. ಪಕ್ಕದವರಿಗೆ ಧೂಳು ಹೋಗದಿರಲಿ ಎಂದು ಮನೆಯೊಡತಿ ಕಿಟಕಿ ಮುಚ್ಚಲು ಹೇಳಿದಳು. ಅದನ್ನೂ ಮುಚ್ಚಿದ. ಪಕ್ಕದವರ ಮೇಲೆ ಇದ್ದ ಕಾಳಜಿ ಒಳಗೆ ಕೂತವನ ಮೇಲೆ ಯಾರಿಗೂ ಇರಲಿಲ್ಲ, ಅವನಿಗೂ ಇರಲಿಲ್ಲ.

ಮನೆಗೆ ಬಂದರೆ ಅತ್ತಿಗೆ ಕೂತಿದ್ದಳು. ಆಸ್ಪತ್ರೆಯ ಪರವಾಗಿ ಮನೆಮನೆಗೆ ಹೋಗಿ ಆರೋಗ್ಯದ ವಿಚಾರ ತಿಳಿಸುವುದು ಅವಳ ಕೆಲಸ. ಅವಳ ಗಂಡ, ಅಂದರೆ ಮೇಸ್ತ್ರಿಯ ಅಣ್ಣ, ತಮ್ಮನಿಗೆ ಈ ಕಸುಬು ಕಲಿಸಿದ ಗುರು. ಎರಡು ವರ್ಷದಿಂದ ಮನೆಯಲ್ಲೇ ಇದ್ದಾನೆ. ಹಾಸಿಗೆಯಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಏದುಸಿರು ಬರುತ್ತದೆ.

ಮೇಸ್ತ್ರಿಯ ಹೆಂಡತಿ ಎಂದಿನಂತೆ ಅವನ ಅಂಗಿಯನ್ನು ಬಾಗಿಲಲ್ಲಿ ಕೊಡವಲು ಹೋಗಿ ಕೆಮ್ಮಿದಳು. ಅತ್ತಿಗೆ ಎದ್ದು ಬಂದು ಅಂಗಿ ಕಿತ್ತುಕೊಂಡು, ಸೀದಾ ಬಕೆಟ್ಟಿನ ನೀರಿನಲ್ಲಿ ಅದ್ದಿದಳು. ಆಮೇಲೆ ಮೈದುನನ ಕಡೆ ತಿರುಗಿ, ನೀರು ಹಾಕದೆ ಒಣಗಲ್ಲು ಕೊಯ್ಯುವುದನ್ನು ಯಾವಾಗ ಬಿಡುತ್ತೀಯ ಎಂದು ಕೇಳಿದಳು. ಮೇಸ್ತ್ರಿಗೆ ಮಾತಾಡಲೂ ಬೇಸರ. ಅಣ್ಣ ಸಿಗರೇಟು ಸೇದುತ್ತಿದ್ದ, ಅದಕ್ಕೇ ಹಾಗಾಯಿತು, ನಾನು ಸೇದುವವನಲ್ಲ. ಮೇಲಾಗಿ ಟವೆಲ್ ಕಟ್ಟಿಕೊಳ್ಳುತ್ತೇನೆ ಎಂದ.

"ಕೊಡು ಇಲ್ಲಿ ಆ ಟವೆಲ್ಲು," ಎಂದಳು ಅತ್ತಿಗೆ. ಮಡಿಕೆ ಬಿಚ್ಚಿ ತೋರಿಸಿದಳು. ಮೂಗಿಗೆ ತಾಗುವ ಒಳಮಡಿಕೆಯಲ್ಲೂ ಬೂದು ಪುಡಿ ಕೂತಿತ್ತು. "ಇದು ಕಣ್ಣಿಗೆ ಕಾಣೋದು. ಕಾಣದೇ ಇರೋದು ಬಟ್ಟೇಲಿ ನಿಲ್ಲಲ್ಲ ಕಣಪ್ಪಾ, ಶ್ವಾಸಕೋಶದ ಒಳಗೇ ಹೋಗಿ ಗಾಯ ಮಾಡುತ್ತೆ. ಆ ಗಾಯ ವಾಸಿಯಾಗಲ್ಲ. ಸಿಗರೇಟು ಸೇದಿದ್ರೆ ಇನ್ನೂ ಕೆಡುತ್ತೆ, ಸೇದದಿದ್ರೂ ಬಿಡಲ್ಲ."

ಹಾಗಾದರೆ ಮನೆಗೆ ಕಲ್ಲು ಹಾಸಿಸುವುದೇ ತಪ್ಪೇ ಎಂದು ಹೆಂಡತಿ ಗಾಬರಿಯಾದಳು. ಅತ್ತಿಗೆಗೆ ನಗು ಬಂತು. ಹಾಸಿದ ಕಲ್ಲು ಯಾರ ತಂಟೆಗೂ ಬರುವುದಿಲ್ಲ, ಅದರ ಮೇಲೆ ಬೇಕಾದರೆ ಹೊರಳಾಡಿ, ಕೊಯ್ಯುವಾಗ ಏಳುವ ಧೂಳೇ ಶತ್ರು ಎಂದಳು.

"ನೀರು ಹಾಕಿದ್ರೆ ಗೆರೆ ಅಳಿಸುತ್ತಲ್ಲ ಅತ್ತಿಗೆ. ಅಣ್ಣನೇ ಹೇಳಿಕೊಟ್ಟಿದ್ದು," ಎಂದ ಮೇಸ್ತ್ರಿ.

ಅತ್ತಿಗೆ ಗಂಡನಿಗೆ ಫೋನ್ ಮಾಡಿ, ಗೆರೆಯ ವಿಷಯ ಹೇಳಿ, ಫೋನನ್ನು ಮೈದುನನ ಕೈಗೆ ಕೊಟ್ಟಳು. ಮೊದಲು ಕೇಳಿಸಿದ್ದು ಅಣ್ಣನ ಏದುಸಿರು.

"ನಿಂಗೆ ಪೆನ್ಸಿಲ್ ಕೊಟ್ಟೋನು... ನಾನೇ. ತಪ್ಪು... ನಂದು. ಮಕ್ಕಳು ಬಣ್ಣ ಹಚ್ಚೋ... ಮೇಣದ ಬಳಪ ತಗೋ. ನೀರಿಗೆ... ಹೋಗಲ್ಲ."

"ನಿನಗೆ ಯಾವಾಗ ಗೊತ್ತಾಯ್ತಣ್ಣ?"

"ಕೆಲಸ ಬಿಟ್ಟ ಮೇಲೆ... ಮೊನ್ನೆ ಮೊನ್ನೆ. ಮಗಳು ಅದ್ರಲ್ಲಿ ನೆಲದ ಮೇಲೆ... ಗೀಚಿದ್ಲು. ನಿಮ್ಮತ್ತಿಗೆ ಎಷ್ಟು ತೊಳೆದ್ರೂ... ಹೋಗ್ಲಿಲ್ಲ."

ಒಂದು ಬಳಪ. ಅಷ್ಟರಲ್ಲಿ ಉಳಿಯುತ್ತಿತ್ತಲ್ಲ ಅಣ್ಣನ ಉಸಿರು ಎಂದು ಮೇಸ್ತ್ರಿಗೆ ಸಂಕಟವಾಯಿತು.

ಮರುದಿನ ಮನೆಯೊಡತಿಗೆ ವಿಷಯ ಹೇಳಿ, ಉಳಿದ ಕಲ್ಲನ್ನು ಹಿತ್ತಿಲಿಗೆ ಸಾಗಿಸಿದ. ನೀರಿನ ಕೊಳವೆಯಿರುವ ಯಂತ್ರವನ್ನು ಬಾಡಿಗೆಗೆ ತಂದ. ಕರೆಂಟ್ ಸೋರಿದರೆ ತಕ್ಷಣ ಕಡಿಯುವ ಸ್ವಿಚ್ ಹಾಕಿಸಿದ. ಅತ್ತಿಗೆ ಕೊಟ್ಟ, ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಕಟ್ಟಿದ. ಧೂಳು ಕೆಸರಾಗಿ ಕಾಲ ಬುಡದಲ್ಲಿ ಹರಿಯಿತು. ಅದು ಒಣಗುವ ಮೊದಲೇ ಬಳಿದು ತೆಗೆದ. ಮೇಣದ ಬಳಪದಲ್ಲಿ ಎಳೆದ ಕೆಂಪು ಗೆರೆ ಕೊನೆಯವರೆಗೂ ಹಾಗೇ ಇತ್ತು.

ಆ ವಾರವೇ ಅತ್ತಿಗೆ ಮೇಸ್ತ್ರಿಯ ಎದೆಯ ಎಕ್ಸ್‌ರೇ ತೆಗೆಸಿದಳು. ಶ್ವಾಸಕೋಶದಲ್ಲಿ ಗಾಯದ ಕಲೆ ಶುರುವಾಗಿದೆ, ಹೋಗುವುದಿಲ್ಲ, ಇನ್ನು ಮುಂದೆ ಒಂದು ಚಿಟಿಕೆ ಧೂಳೂ ಒಳಗೆ ಹೋಗಬಾರದು ಎಂದರು ವೈದ್ಯರು. ಮೇಸ್ತ್ರಿ ಮೆಟ್ಟಿಲ ಮೇಲೆ ಕೂತು ಅಣ್ಣನಿಗೆ ಫೋನ್ ಮಾಡಿದ.

"ಗೆರೆ ನಿಂತಿತಾ?" ಎಂದು ಕೇಳಿದ ಅಣ್ಣ.

"ನಿಂತಿತಣ್ಣ."

ಕಲ್ಲಿನ ಕೆಲಸದ ಅಣ್ಣಂದಿರೇ, ಒಣಗಲ್ಲು ಕೊಯ್ಯಬೇಡಿ. ಟವೆಲ್ಲನ್ನು ನಂಬಬೇಡಿ. ಧೂಳಿನ ಬಟ್ಟೆ ಕೊಡವದೆ ನೀರಿಗೆ ಹಾಕಿ. ಕೆಮ್ಮು, ಏದುಸಿರು ಬಂದರೆ ನಿಮ್ಮ ಕಸುಬು ಏನೆಂದು ವೈದ್ಯರಿಗೆ ಮೊದಲೇ ಹೇಳಿ. ಮನೆ ಕಟ್ಟಿಸುವವರೇ, ಕಲ್ಲು ಕೊಯ್ಯುವವರಿಗೆ ಹೊರಗೆ ಜಾಗ, ಒಂದು ನಲ್ಲಿ ನೀರು, ಅರ್ಧ ದಿನ ಹೆಚ್ಚು ಸಮಯ ಕೊಡಿ. ನಿಮ್ಮ ಅಡುಗೆಕಟ್ಟೆ ಹೊಳೆಯಲಿ, ಅದನ್ನು ಕೂರಿಸಿದವರೂ ತಮ್ಮ ಮನೆಯ ಮೆಟ್ಟಿಲನ್ನು ಕೂರದೆ ಹತ್ತುವಂತಾಗಲಿ.